ಏರ್‌ಬ್ಯಾಗಿನ ಕೆಂಪು ದೀಪ

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಮಟಮಟ ಮಧ್ಯಾಹ್ನವೇ ಬರುತ್ತಾರೆ. ಹೊರಗೆ ಬಿಸಿಲು ಕಾಯುತ್ತಿರುವಾಗ ಒಳಗೆ ಎಷ್ಟು ದೀಪ ಉರಿಯುತ್ತಿವೆ ಎಂದು ಕಣ್ಣಲ್ಲೇ ಎಣಿಸಿಕೊಂಡು, ಆಮೇಲೆ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುತ್ತಾರೆ. ಯಾರಾದರೂ ನಿಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡರೆ ನಿಮ್ಮ ಮನೆಯ ಒಂದು ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ಸ್ವಿಚ್ ಒತ್ತಿದರೆ ಆರುವುದಿಲ್ಲ. ಅವರ ಹೊಟ್ಟೆ ತಣ್ಣಗಾದಾಗ ಆರುತ್ತದೆ. ಅಲ್ಲಿಯವರೆಗೆ ಆ ದೀಪಕ್ಕೆ ಕರೆಂಟಿನ ಮೀಟರೂ ತಿರುಗುವುದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಡಾಕ್ಟರು ಕಣ್ಣಿನ ಮೇಲೆ ಟವೆಲ್ ಕಟ್ಟಿಕೊಂಡು ಮಲಗುತ್ತಾರೆ, ಅವರ ಮಲಗುವ ಕೋಣೆಯಲ್ಲಿ ಅಷ್ಟು ಬೆಳಕು. ಕೆಲವು ನಾಚಿಕೆಯ ಜನ ಹಗಲು ಬಲ್ಬುಗಳನ್ನೆಲ್ಲ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ. ಸತ್ತವರ ಮನೆಯಲ್ಲಿ ದೀಪಗಳು ಒಂದೊಂದಾಗಿ ಆರುತ್ತವೆ. ಒಳ್ಳೆಯ ಸಾವು ಬಂದವರದು ಮಾತ್ರ ಒಂದೆರಡು ದೀಪ ಇನ್ನೂ ಸ್ವಲ್ಪ ದಿನ ಉರಿಯುವುದುಂಟು.

ನನ್ನ ಮನೆಯಲ್ಲಿ ಒಂದೂ ಹತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ಜೀರೋ ಬಲ್ಬು ಕೂಡ ಮಿಣುಕ್ ಅಂದಿರಲಿಲ್ಲ. ನಮ್ಮನೆಯವರು, ಶ್ರೀಕಂಠು, ಸೊಸೈಟಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದವರು. 'ಯಾರೂ ನಮ್ಮ ತಂಟೆಗೆ ಬಂದಿಲ್ಲ ಅಂತ ಅರ್ಥ ಕಣೇ, ಸುಖವಾಗಿರು' ಎನ್ನುತ್ತಿದ್ದರು. ಅವರಿಗೇನು. ಎದುರು ಮನೆಯ ಕಡೆ ಮುಖ ಮಾಡಿ ರಂಗೋಲಿ ಹಾಕುವವಳು ನಾನು.

ಎದುರು ಮನೆ ವನಜಾಕ್ಷಿಯದು. ನಾವಿಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಅವಳ ಮನೆಯಲ್ಲಿ ಹಾಡುಹಗಲೇ ಐದು ದೀಪ. ಗೇಟಿನದು, ಹಾಲಿನದು, ಮೆಟ್ಟಿಲಿನದು, ಮಹಡಿಯದು, ಅಡುಗೆಮನೆಯದು. ಅದನ್ನು ನೋಡಿಯೇ ಅವಳ ಮಗನಿಗೆ ರೈಸ್ ಮಿಲ್ಲಿನವರು ಹೆಣ್ಣು ಕೊಟ್ಟರು. ತರಕಾರಿಯವನು ಮೊದಲು ಅವಳ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಎಳೆ ಬೆಂಡೆಕಾಯಿ ಕೊಟ್ಟು, ಬಲಿತದ್ದನ್ನು ನನಗೆ ತರುತ್ತಿದ್ದ. ಆ ಐದರಲ್ಲಿ ಒಂದು ದೀಪ ನನ್ನ ಕೊಡುಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವುದು ನನ್ನದು ಎಂದು ಗುರುತು ಹಿಡಿಯಲು ಮಾತ್ರ ಎಂದೂ ಹೋಗಿರಲಿಲ್ಲ. ನನ್ನ ಹೊಟ್ಟೆ ಉರಿಸಿಕೊಂಡು ಅವಳ ಮನೆ ಬೆಳಗಿಸುವುದು ಸಾಲದೆಂದು ಅದಕ್ಕೆ ಹೆಸರು ಬೇರೆ ಇಡಬೇಕೆ.

ವನಜಾಕ್ಷಿ ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ನಮಗೆ ಮಾರಿದಳು. ಕೊಳ್ಳುವ ಮನಸ್ಸು ನನಗಿರಲಿಲ್ಲ. ಆದರೆ ಶ್ರೀಕಂಠು ಅವರ ಕಣ್ಣು ಮಂಜಾಗಿ ಸ್ಕೂಟರು ಬಿಟ್ಟ ಮೇಲೆ ನಾನು ಡ್ರೈವಿಂಗ್ ಕಲಿತು ಕೂತಿದ್ದೆ, ಹೊಸ ಕಾರಂತೂ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ಅವಳು ಉಟ್ಟು ಬಿಟ್ಟ ಸೀರೆಯನ್ನು ಉಟ್ಟುಕೊಂಡು ಅವಳ ಮುಂದೆಯೇ ಓಡಾಡಿದ ಹಾಗೆ ಮೈಯೆಲ್ಲ ಮುಳ್ಳಾಯಿತು. ಕಾರು ನಮ್ಮ ಅಂಗಳಕ್ಕೆ ಬಂದ ದಿನವೇ ಕಡ್ಡಿಪೊರಕೆ ತೆಗೆದುಕೊಂಡು ಒಳಗೆ ನುಗ್ಗಿದೆ. ಅವಳ ಒಂದು ಹೇರ್‌ಪಿನ್, ಅವಳ ಪೌಡರಿನ ಒಂದು ಕಣ ಉಳಿಯಬಾರದು. ಸೀಟಿನ ಕೆಳಗೆ ಕೈ ಹೋಗದ ಕಡೆಗೆಲ್ಲ ಪೊರಕೆ ತುರುಕಿ ಎಳೆದೆಳೆದು ಗುಡಿಸಿದೆ. ಶ್ರೀಕಂಠು ಬಾಗಿಲಲ್ಲಿ ನಿಂತು, 'ಕಾರು ಗುಡಿಸ್ತಿದೀಯೋ, ಅವಳನ್ನ ಗುಡಿಸ್ತಿದೀಯೋ' ಅಂದರು.

ಮರುದಿನ ಕೀ ತಿರುಗಿಸಿದಾಗ ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿ ಹಾಗೇ ನಿಂತಿತು. ಒಬ್ಬ ಮನುಷ್ಯ ಬೆಲ್ಟು ಕಟ್ಟಿಕೊಂಡು ಕೂತಿದ್ದಾನೆ, ಅವನ ಎದುರಿಗೆ ಒಂದು ದುಂಡನೆಯ ಚೆಂಡು. ಮಿಕ್ಕ ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಇದು ಆರಲಿಲ್ಲ.

ನಮ್ಮೂರಲ್ಲಿ ದೀಪ ಹತ್ತುವುದಕ್ಕೆ ಮನೆಯ ಬಲ್ಬೇ ಆಗಬೇಕೆಂದಿಲ್ಲ. ಟಾರ್ಚು ಹತ್ತಿದ್ದುಂಟು, ಹಳೆಯ ರೇಡಿಯೋದ ಮುಳ್ಳಿನ ಹಿಂದಿನ ದೀಪ ಹತ್ತಿದ್ದುಂಟು. ಯಾರೋ ನನ್ನನ್ನು, ಈ ಚೂಡಾಮಣಿಯನ್ನು, ನೋಡಿ ಹೊಟ್ಟೆ ಉರಿದುಕೊಂಡಿದ್ದರು. ಸ್ಟೀರಿಂಗ್ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತೆ. ಸುಳ್ಳು ಯಾಕೆ ಹೇಳಲಿ, ನನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಒಂದೇ ಒಂದು ಸಣ್ಣ ತೊಡಕಿತ್ತು. ಕೀ ತೆಗೆದರೆ ಆ ದೀಪ ಆರುತ್ತಿತ್ತು. ಹೊಟ್ಟೆಕಿಚ್ಚಿನ ದೀಪ ಹಾಗೆಲ್ಲ ಮಾತು ಕೇಳುವುದಿಲ್ಲ. ಅದಕ್ಕೂ ನಾನೇ ಉತ್ತರ ಕಂಡುಕೊಂಡೆ. ಕಾರು ಸುಮ್ಮನೆ ನಿಂತಿದ್ದಾಗ ನನ್ನನ್ನು ನೋಡಿ ಯಾಕೆ ಉರಿದುಕೊಳ್ಳುತ್ತಾರೆ, ನಾನು ಓಡಿಸುವಾಗ ತಾನೇ. ಈ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಬೇರೆ ಯೋಚನೆಯೇ ಹತ್ತಿರ ಸುಳಿಯಲಿಲ್ಲ.

ಆಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕಿರಲಿ ಬೇಡದಿರಲಿ ಮಾರ್ಕೆಟ್ಟಿಗೆ ಹೋದೆ. ಸಿಕ್ಕಸಿಕ್ಕವರಿಗೆಲ್ಲ 'ಬನ್ನಿ, ಬಿಡ್ತೀನಿ' ಎಂದು ಲಿಫ್ಟು ಕೊಟ್ಟೆ. ಕೂತವರ ಕಣ್ಣು ಎರಡು ನಿಮಿಷದಲ್ಲಿ ಡ್ಯಾಶ್‌ಬೋರ್ಡಿನ ಕಡೆ ಹೋಗುತ್ತಿತ್ತು. 'ಓ, ಹತ್ತಿದೆ' ಎನ್ನುತ್ತಿದ್ದರು. 'ಏನೋಪ್ಪ, ಯಾರದೋ ಏನೋ' ಎಂದು ನಾನು ಗೇರ್ ಬದಲಾಯಿಸುತ್ತಿದ್ದೆ. ತರಕಾರಿಯವನಿಗೂ ಲಿಫ್ಟು ಕೊಟ್ಟೆ, ಅವನ ಗಾಡಿ ಅಲ್ಲೇ ಬಿಡಿಸಿ. ಮಾರನೆಯ ದಿನದಿಂದ ಎಳೆ ಬೆಂಡೆಕಾಯಿ ನನ್ನ ಮನೆಗೆ ಮೊದಲು ಬಂತು.

ಎದುರು ಮನೆಯ ಕಡೆ ನೋಡುವುದನ್ನೇ ಮರೆತೆ. ರಂಗೋಲಿ ಹಾಕುವಾಗ ಚುಕ್ಕಿಯ ಕಡೆ ಕಣ್ಣಿರುತ್ತಿತ್ತು. ಆ ದಿನಗಳಲ್ಲಿ ನಾನು ಹಾಕಿದಷ್ಟು ನೇರ ರಂಗೋಲಿ ಹಿಂದೆಂದೂ ಹಾಕಿರಲಿಲ್ಲ.

ಆದರೆ ವನಜಾಕ್ಷಿ ನಮ್ಮ ಮನೆಗೆ ಬರತೊಡಗಿದಳು. ಮೊದಲೆಲ್ಲ ಹಬ್ಬಕ್ಕೆ, ಅರಿಶಿನ ಕುಂಕುಮಕ್ಕೆ ಬರುತ್ತಿದ್ದವಳು ಈಗ ದಿನಾ ಬಂದು ಕೂತಳು. 'ನೋಡೇ ಚೂಡಾ, ಮಗ ಮುತ್ತಿನ ಬಳೆ ತಂದುಕೊಟ್ಟ' ಎಂದು ಕೈ ಮುಂದೆ ಹಿಡಿದಳು. ಚೆನ್ನಾಗಿದೆ ಅಂದೆ. ಮರುದಿನ ಸೊಸೆ ತನ್ನನ್ನು ಅಡುಗೆಮನೆಗೆ ಬಿಡುವುದೇ ಇಲ್ಲ, ಕೂತಲ್ಲಿಗೇ ಕಾಫಿ ತಂದುಕೊಡುತ್ತಾಳೆ ಅಂದಳು. ಪುಣ್ಯ ಮಾಡಿದ್ದೀಯ ಬಿಡೇ ಅಂದೆ. ಮಹಡಿಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಾರಂತೆ. ಕಟ್ಟಿಸಲಿ, ಗಾಳಿ ಬರುತ್ತೆ ಅಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ. ನನ್ನೊಳಗೆ ಏನೂ ಉಕ್ಕಲಿಲ್ಲ. ಅವಳ ಮುಖ ಸಪ್ಪಗಾಯಿತು. ಎದ್ದು ಹೋಗುವಾಗ ಒಂದು ಸಲ, 'ನಿಂಗೆ ಏನೂ ಅನ್ಸಲ್ವೇನೇ' ಎಂದು ಕೇಳಿಯೂ ಬಿಟ್ಟಳು.

ಬಾಗಿಲು ಹಾಕಿಕೊಂಡು ನಾನು ಒಳಗೊಳಗೇ ನಕ್ಕೆ. ಸಿಕ್ಕಿಬಿದ್ದಳು. ನನ್ನ ಕೆಂಪು ದೀಪ ಉರಿಸುತ್ತಿರುವವಳು ಇವಳೇ. ತನ್ನದೇ ಹಳೆಯ ಕಾರಿನಲ್ಲಿ ನಾನು ರಾಣಿಯ ಹಾಗೆ ಓಡಾಡುವುದನ್ನು ನೋಡಲಾರದೆ ಬಳೆ, ಸೊಸೆ, ಮಹಡಿ ಎಂದು ಬಡಬಡಿಸುತ್ತಿದ್ದಾಳೆ. ವನಜಾಕ್ಷಿ ನನ್ನನ್ನು ಕಂಡು ಹೊಟ್ಟೆ ಉರಿದುಕೊಂಡಳು ಎನ್ನುವುದಕ್ಕಿಂತ ದೊಡ್ಡದು ಈ ಜನ್ಮದಲ್ಲಿ ನನಗೆ ಬೇಕಿರಲಿಲ್ಲ.

ಶ್ರೀಕಂಠು ಅವರಿಗೆ ಮಾತ್ರ ಆ ದೀಪ ಹಿಡಿಸಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಕನ್ನಡಕ ಮೇಲೆ ಮಾಡಿ ಅದನ್ನು ದಿಟ್ಟಿಸುತ್ತಿದ್ದರು. ಕಾರಿನ ಪುಸ್ತಕ ಓದಿಸಿಕೊಂಡು ಬಂದು, 'ಅದು ಏರ್‌ಬ್ಯಾಗಿನ ದೀಪವಂತೆ ಕಣೇ. ಅದು ಉರೀತಿದ್ರೆ, ಡಿಕ್ಕಿ ಹೊಡೆದಾಗ ಚೀಲ ಉಬ್ಬದೇ ಇರಬಹುದಂತೆ. ಗ್ಯಾರೇಜಿಗೆ ತೋರಿಸು' ಅಂದರು.

'ತೋರಿಸಿದ್ರೆ ಆರಿಸಿಬಿಡ್ತಾರೆ' ಅಂದೆ.

'ಆರಿಸ್ಲಿ ಅಂತಾನೇ ತೋರಿಸೋದು.'

'ಇಷ್ಟು ವರ್ಷಕ್ಕೆ ಒಂದು ದೀಪ ಹತ್ತಿದೆ. ಅದೂ ನಿಮ್ಮ ಕಣ್ಣಿಗೆ ಚುಚ್ಚತ್ತೆ' ಎಂದು ನಾನು ಮುಖ ತಿರುಗಿಸಿಕೊಂಡೆ.

ಅವರು ಜಗಳ ಆಡುವವರಲ್ಲ. ಮರುದಿನ ಮಂಚದ ಮೇಲಿನ ಬೂರುಗದ ಹತ್ತಿಯ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತರು. 'ಗಾಳಿ ಚೀಲ ಬರದೆ ಹೋದ್ರೆ ಹತ್ತಿ ಚೀಲ ಇರ್ಲಿ' ಅಂದರು. ದಿಂಬು ತಬ್ಬಿಕೊಂಡು ಬೆಲ್ಟು ಕಟ್ಟಿಕೊಂಡು ಕೂತ ಅವರು ಆ ಕೆಂಪು ದೀಪದಲ್ಲಿದ್ದ ಮನುಷ್ಯನ ಹಾಗೆಯೇ ಕಾಣುತ್ತಿದ್ದರು. ಬೀದಿಯ ಜನ ನಕ್ಕರು. ನನಗೆ ಸಿಟ್ಟು ಬಂತು, ಆದರೂ ದೀಪ ಆರಿಸಲಿಲ್ಲ.

ಕೆರೆ ಏರಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದದ್ದು ಅವರನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ. ಬಿಸಿಲಿಗೆ ಸೆಕೆಯಾಗಿ ಬೆಲ್ಟು ಸಡಿಲಿಸಿಕೊಂಡು ಕೂತಿದ್ದರು. ನಾನು ಬ್ರೇಕಿನ ಮೇಲೆ ನಿಂತೇಬಿಟ್ಟೆ. ದಿಂಬು ಜಾರಿ ಕಾಲಿನ ಹತ್ತಿರ ಬಿತ್ತು, ಅವರ ಹಣೆ ಮುಂದಿನ ಹಲಗೆಗೆ ಡಬ್ಬೆಂದು ಬಡಿಯಿತು. ಎಮ್ಮೆ ನಿಧಾನವಾಗಿ ದಾಟಿಕೊಂಡು ಹೋಯಿತು. ನಾನು ಮೊದಲು ನೋಡಿದ್ದು ಡ್ಯಾಶ್‌ಬೋರ್ಡನ್ನು. ದೀಪ ಉರಿಯುತ್ತಿತ್ತು. ಆಮೇಲೆ ಪಕ್ಕಕ್ಕೆ ತಿರುಗಿದೆ.

ಅವರು ಹಣೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣು ಎಲ್ಲಿಂದ ತಮ್ಮ ಕಡೆಗೆ ಬಂತು ಎನ್ನುವುದನ್ನು ಅವರ ಮಂಜು ಕಣ್ಣು ನೋಡಿತ್ತು.

'ಇದೆಯಾ' ಎಂದು ಕೇಳಿದರು.

'ಏನು?'

'ದೀಪ.'

ನಾನು ಕೆಳಗೆ ಬಿದ್ದಿದ್ದ ದಿಂಬನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಬುಟು ಎದ್ದಿತ್ತು. ಕಣ್ಣಿನ ಡಾಕ್ಟರು ಅದಕ್ಕೂ ಔಷಧಿ ಹಚ್ಚಿ ಕಳಿಸಿದರು. ವಾಪಸ್ಸು ಬರುವಾಗ ಅವರು ಹಿಂದಿನ ಸೀಟಿನಲ್ಲಿ ಕೂತರು. ಕೋಪ ಮಾಡಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರನ್ನು ಮನೆಗೆ ಬಿಟ್ಟು, ಆ ಮಧ್ಯಾಹ್ನವೇ ಕಾರನ್ನು ತಿಪ್ಪೇಶಿಯ ಗ್ಯಾರೇಜಿಗೆ ಹೊಡೆದೆ.

ತಿಪ್ಪೇಶಿಯ ಗೇಟಿನ ಮೇಲೆ ದೊಡ್ಡ ಬೋರ್ಡಿದೆ. 'ಮೊದಲು ಕಷ್ಟ ಹೇಳಿಕೊಂಡು ಬನ್ನಿ. ಆರದಿದ್ದರೆ ಮಾತ್ರ ಒಳಗೆ.' ನಮ್ಮೂರಲ್ಲಿ ಎಲೆಕ್ಟ್ರಿಷಿಯನ್ನುಗಳೂ ಇದನ್ನೇ ಹೇಳುತ್ತಾರೆ. ಹೊಟ್ಟೆ ಉರಿಯುವವರ ಮುಂದೆ ಹೋಗಿ ನಿಮ್ಮ ಒಂದು ಕಷ್ಟ ತೋಡಿಕೊಂಡರೆ ಸಾಕು, ಅವರಿಗೆ ಸಮಾಧಾನವಾಗಿ ದೀಪ ಆರುತ್ತದೆ. ಹೀಗಾಗಿ ದೀಪ ಬೇಕಾದವರು ಕಷ್ಟವನ್ನು ಬಾಯಿಬಿಡುವುದಿಲ್ಲ, ಬೇಡವಾದವರು ಮಂಡಿನೋವು ಹೇಳಿಕೊಂಡು ಬೀದಿ ಸುತ್ತುತ್ತಾರೆ.

'ಕಷ್ಟ ಹೇಳ್ಕಂಡ್ ಬಂದ್ರೇನಕ್ಕ?' ತಿಪ್ಪೇಶಿ ಕೈ ಒರೆಸಿಕೊಳ್ಳುತ್ತ ಬಂದ.

'ಇಲ್ಲ.'

'ಮತ್ತೆ ಒಳಗ್ ಯಾಕ್ ತಂದ್ರಿ? ನನ್ನತ್ರ ಬರೋ ಗಾಡಿ ಮುಕ್ಕಾಲ್ ಪಾಲು ಗೇಟಲ್ಲೇ ವಾಪಸ್ ಹೋಗ್ತವೆ.' ಅವನು ಕಿಟಕಿಯೊಳಗೆ ತಲೆ ಹಾಕಿ ದೀಪ ನೋಡಿದ. 'ಕೀ ತೆಗೆದ್ರೆ ಆರುತ್ತಾ?'

'ಇಲ್ಲ' ಅಂದೆ.

ಅವನು ಕೈ ಚಾಚಿ ಕೀ ತಿರುಗಿಸಿದ. ದೀಪ ಆರಿತು. ಇಬ್ಬರೂ ಕಪ್ಪಾದ ಡ್ಯಾಶ್‌ಬೋರ್ಡನ್ನು ನೋಡಿಕೊಂಡು ನಿಂತೆವು.

'ನಿಂತ ಕಾರು ನೋಡಿ ಯಾರು ಉರ್ಕೋತಾರೆ' ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

'ಅದೂ ಸರೀನೇ' ಎಂದು ತಿಪ್ಪೇಶಿ ತಲೆ ಕೆರೆದುಕೊಂಡ. 'ಹೋದ್ವರ್ಷ ಒಬ್ರು ಹಿಂಗೇ ಅಂದಿದ್ರು. ಅವರ ಗಾಡೀಲಿ ಇಲಿ ವೈರು ಕಡಿದಿತ್ತು. ಇರ್ಲಿ, ಮಿಷಿನ್ ಹಾಕಿ ನೋಡಾಣ.'

ಸ್ಟೀರಿಂಗಿನ ಕೆಳಗೆ ಒಂದು ಪ್ಲಗ್ಗು ಚುಚ್ಚಿ, ಕೈಯಲ್ಲಿದ್ದ ಸಣ್ಣ ಪರದೆಯನ್ನು ದೂರ ಹಿಡಿದು ಓದಿದ. ಪಕ್ಕದ ಸೀಟಿನ ಕಡೆಯ ವೈರಿನಲ್ಲಿ ಕರೆಂಟು ಸರಿಯಾಗಿ ಹರಿಯುತ್ತಿಲ್ಲ ಎಂದು ಅದು ಹೇಳುತ್ತಿದೆಯಂತೆ. ಅವನು ಬ್ಯಾಟರಿ ಬಿಚ್ಚಿ ಒಂದು ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ಯಾಕಪ್ಪಾ ಸುಮ್ಮನೆ ಕೂತೆ ಎಂದು ಕೇಳಿದರೆ, 'ಹಳದಿ ವೈರಕ್ಕ ಅದು. ಒಳಗೆ ಉಳಿದಿರೋ ಕರೆಂಟು ಇಳೀಲಿ. ಅವಸರ ಮಾಡಿ ಮುಟ್ಟಿದ್ರೆ ಚೀಲ ನನ್ನ ಮುಖಕ್ಕೇ ಹಾರತ್ತೆ' ಅಂದ. ಕಾಯುವಷ್ಟು ಹೊತ್ತೂ ನಾನು ದೇವರಿಗೆ ಹೇಳಿಕೊಳ್ಳುತ್ತಿದ್ದೆ, ವೈರು ಸರಿಯಾಗಿರಲಿ ಎಂದು. ಗಂಡನ ಹಣೆ ಊದಿದೆ, ನಾನು ವೈರು ಸರಿಯಾಗಿರಲಿ, ದೀಪ ವನಜಾಕ್ಷಿಯದೇ ಆಗಿರಲಿ ಎಂದು ಬೇಡುತ್ತಿದ್ದೇನೆ. ಎಂಥ ಹೆಂಗಸು ನಾನು ಎಂದೂ ಅನ್ನಿಸಿತು, ಆದರೆ ಬೇಡುವುದನ್ನು ಬಿಡಲಿಲ್ಲ.

ತಿಪ್ಪೇಶಿ ಸೀಟಿನ ಕೆಳಗೆ ತಲೆ ತೂರಿಸಿ ಟಾರ್ಚು ಬಿಟ್ಟ. ಅವನ ಕೈ ಹೊರಗೆ ಬಂದಾಗ ಬೆರಳುಗಳ ನಡುವೆ ಒಂದು ತೆಂಗಿನ ಗರಿಯ ಕಡ್ಡಿ ಇತ್ತು.

'ಹಳದಿ ಕನೆಕ್ಟರ್ ಒಳಗೆ ಸಿಕ್ಕಾಕ್ಕೊಂಡಿತ್ತು. ಅರ್ಧ ಕಿತ್ತು ಬಂದದೆ. ಯಾರೋ ಪೊರಕೆ ಹಾಕಿ ಎಳೆದವ್ರೆ' ಅಂದ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟ. ಕನೆಕ್ಟರನ್ನು ಒರೆಸಿ ಟಕ್ಕೆಂದು ಒತ್ತಿದ, ಬ್ಯಾಟರಿ ಕಟ್ಟಿದ, ಮಿಷಿನ್ನಿನಲ್ಲಿ ಏನೋ ಅಳಿಸಿದ. 'ಈಗ ಕೀ ಹಾಕಿ.'

ಕೀ ಹಾಕಿದೆ. ಬೆಲ್ಟು ಕಟ್ಟಿಕೊಂಡ ಮನುಷ್ಯ ತನ್ನ ಚೆಂಡಿನ ಜೊತೆ ಒಮ್ಮೆ ಕೆಂಪಗೆ ಎದ್ದು ಬಂದ. ಆಮೇಲೆ ಎಲ್ಲರ ಜೊತೆ ಅವನೂ ಹೋದ.

'ಆಯ್ತು ನೋಡಿ, ಇನ್ನು ಯಾರ್ ಬೇಕಾದ್ರೂ ಕೂರ್ಬೋದು' ಅಂದ ತಿಪ್ಪೇಶಿ. ಅವನಿಗೆ ಸಂತೋಷವಾಗಿತ್ತು.

ಬೀದಿಗೆ ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಕಾರು ನಿಲ್ಲಿಸಿ ಇಳಿಯಲಾರದೆ ಕೂತೆ. ಆಗ ಎದುರು ಮನೆಯನ್ನು ತುಂಬ ದಿನಗಳ ಮೇಲೆ ಕಣ್ಣೆತ್ತಿ ನೋಡಿದೆ. ಗೇಟು, ಹಾಲು, ಮೆಟ್ಟಿಲು, ಮಹಡಿ. ನಾಲ್ಕೂ ಬೆಳಗುತ್ತಿದ್ದವು. ಅಡುಗೆಮನೆಯ ಕಿಟಕಿ ಮಾತ್ರ ಕತ್ತಲು. ನನಗೆ ಒಂದು ಕಡ್ಡಿ, ಇವಳಿಗೆ ನಾಲ್ಕು ದೀಪ. ಅವಳ ಮುತ್ತಿನ ಬಳೆ, ಅವಳ ಕಾಫಿ ತರುವ ಸೊಸೆ, ಅವಳ ಮಹಡಿಯ ಮೇಲಿನ ಮಹಡಿ, ಇಷ್ಟು ದಿನ ಒಳಗೆ ಇಳಿಯದೆ ನಿಂತಿದ್ದದ್ದೆಲ್ಲ ಒಟ್ಟಿಗೇ ಇಳಿಯಿತು. ಎದುರು ಮನೆಯ ಅಡುಗೆಮನೆಯ ದೀಪ ಭಗ್ಗನೆ ಹತ್ತಿಕೊಂಡಿತು.

ವನಜಾಕ್ಷಿ ಒದ್ದೆ ಕೈಯಲ್ಲೇ ಓಡಿ ಬಂದಳು. ಒಂದು ಹವಾಯಿ ಚಪ್ಪಲಿ ಗೇಟಿನ ಹತ್ತಿರವೇ ಉಳಿಯಿತು. ಕಾರಿನ ಬಾಗಿಲು ತೆಗೆದು ನನ್ನ ರಟ್ಟೆ ಹಿಡಿದುಕೊಂಡಳು. 'ಬಾರೇ, ಬಾರೇ ಒಳಗೆ. ಕಾಫಿ ಕುಡಿ' ಅಂದಳು. ಅವಳ ಮುಖದಲ್ಲಿ ಎಂಥ ಕಳೆಯಿತ್ತೆಂದರೆ ಕೈ ಬಿಡಿಸಿಕೊಳ್ಳಲು ನನಗೆ ತೋಚಲಿಲ್ಲ.

ಅವಳ ಅಡುಗೆಮನೆಯಲ್ಲಿ ಕೂತು ನಾನು ಪೊರಕೆ ಕಡ್ಡಿಯ ಕಥೆಯನ್ನು ಹೇಳಿಬಿಟ್ಟೆ. ಮುಚ್ಚಿಡಲು ಇನ್ನು ದೀಪವೇ ಇರಲಿಲ್ಲವಲ್ಲ. 'ಅದನ್ನ ಉರಿಸ್ತಿರೋದು ನೀನೇ ಅಂದ್ಕೊಂಡಿದ್ದೆ ಕಣೇ' ಅಂದೆ.

'ನಾನೂ ಪ್ರಯತ್ನ ಪಟ್ಟೆ ಚೂಡಾ' ಅಂದಳು ಅವಳು. 'ನೀನು ಅಷ್ಟು ಖುಷಿಯಾಗಿ ಓಡಾಡ್ತಿದ್ದೆ. ಒಂಚೂರು ಉರ್ಕೊಳ್ಳೋಣ ಅಂತ ಕಿಟಕೀಲಿ ನಿಂತು ನೋಡ್ದೆ. ಬರ್ಲಿಲ್ಲ. ನನ್ನ ಹಳೇ ಕಾರಿಗೆ ನಾನು ಹೆಂಗೆ ಉರ್ಕೊಳ್ಳಲಿ, ಹೇಳು.'

ಅವಳು ಅದನ್ನು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ ನನಗೆ ಎದ್ದು ಹೋಗಬೇಕೆನ್ನಿಸಿತು. ತಲೆಯ ಮೇಲಿನ ಬಲ್ಬು ಇನ್ನಷ್ಟು ಪ್ರಖರವಾಯಿತು. ಅವಳು ಅದನ್ನು ನೋಡಿ ಕಣ್ಣು ತುಂಬಿಕೊಂಡಳು.

'ಇದೊಂದೇ ಕಣೇ' ಅಂದಳು. 'ಇದೊಂದೇ ತಾನಾಗಿ ಉರಿಯೋದು.'

ನನಗೆ ಅರ್ಥವಾಗಲಿಲ್ಲ. ಅವಳು ಬಾಗಿಲ ಹಿಂದಿನ ಕ್ಯಾಲೆಂಡರು ಎತ್ತಿ ಒಂದು ಸ್ವಿಚ್‌ಬೋರ್ಡು ತೋರಿಸಿದಳು. ಟಕ್ ಟಕ್ ಎಂದು ನಾಲ್ಕೂ ಒತ್ತಿದಳು. ಹಾಲು ಕತ್ತಲಾಯಿತು, ಮೆಟ್ಟಿಲು ಕತ್ತಲಾಯಿತು, ಹೊರಗೆ ಗೇಟು ಕತ್ತಲಾಯಿತು. ಇನ್ನೊಬ್ಬರ ಮೀಟರು ನೋಡುವುದು ನಮ್ಮೂರಲ್ಲಿ ಬಚ್ಚಲಿಗೆ ಇಣುಕಿದಷ್ಟು ಹೊಲಸು ಕೆಲಸ. ಹಾಗಾಗಿ ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ.

'ಮಗನ ಮದುವೆ ಆಗ್ಬೇಕಿತ್ತು, ಹಾಕ್ದೆ. ಆಮೇಲೆ ತೆಗೆಯೋಕಾಗ್ಲಿಲ್ಲ. ಬಳೆ ನಾನೇ ತಗೊಂಡಿದ್ದು. ಸೊಸೆ ಅಡುಗೆಮನೆಗೆ ಬಿಡಲ್ಲ ಅಂದ್ನಲ್ಲ, ನಾನು ಮಾಡಿದ್ದು ಅವಳಿಗೆ ಸೇರಲ್ಲ, ಅದಕ್ಕೆ. ಅವಳು ಮನೇಲಿಲ್ಲದಾಗ್ಲೇ ನಾನು ಒಲೆ ಹಚ್ಚೋದು. ನನ್ನ ನೋಡಿ ಈ ಪ್ರಪಂಚದಲ್ಲಿ ಯಾರು ಉರ್ಕೊಂಡಿದಾರೆ, ನೀನೊಬ್ಬಳು ಬಿಟ್ರೆ? ಈ ದೀಪದ ಕೆಳಗೆ ನಿಂತು ಸಾರು ಕುದಿಸ್ತಾ, ಚೂಡಾ ಇದಾಳೆ ಅಂದ್ಕೊಳ್ತಿದ್ದೆ. ನಿನ್ನ ಕಾರಿನ ದೀಪ ಹತ್ತಿದ ದಿನ ಇದು ಆರಿಹೋಯ್ತು. ಎಷ್ಟು ಬಂದು ಕೂತೆ ನಿನ್ನ ಮುಂದೆ, ಎಷ್ಟು ಜಂಬ ಕೊಚ್ಚಿದೆ. ನಿಂಗೇನೂ ಅನ್ನಿಸ್ಲೇ ಇಲ್ಲ. ನಾನು ಸತ್ತೇ ಹೋದ್ನೇನೋ ಅನ್ನಿಸ್ತು.'

ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ಬಲ್ಬು ಮಂಕಾಗುತ್ತಿತ್ತು. ಹೊಟ್ಟೆ ಉರಿಯುವವಳ ಮುಂದೆ ಕಷ್ಟ ಹೇಳಿಕೊಳ್ಳಬಾರದು ಎನ್ನುವುದು ನಮ್ಮೂರಿನ ಕೂಸುಗಳಿಗೂ ಗೊತ್ತು. ಖುಷಿಯಲ್ಲಿ ಅವಳಿಗೆ ಮರೆತುಹೋಗಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಂತಿ ಕೆಂಪಾಗಿ ಸಣ್ಣದಾಗುವುದನ್ನು ನೋಡುತ್ತ ನಿಂತಳು.

ನನಗೆ ಅವಳ ಮೇಲೆ ಅಯ್ಯೋ ಅನ್ನಿಸಿಬಿಟ್ಟಿತ್ತು. ನಾನು ಅವಸರವಸರವಾಗಿ ಸುತ್ತ ನೋಡಿದೆ, ಉರಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು. ಸ್ಟೀಲ್ ಡಬ್ಬಿಗಳ ಸಾಲು, ಹೊಸ ಮಿಕ್ಸಿ, ಅವಳ ಸೊಂಪು ಜಡೆ. ಯಾವುದೂ ನಾಟಲಿಲ್ಲ. ಮುತ್ತಿನ ಬಳೆಯನ್ನು ದಿಟ್ಟಿಸಿದೆ. ಅವಳೇ ಕೊಂಡುಕೊಂಡದ್ದು. ಬಲ್ಬು ಇನ್ನೊಂದು ಗಳಿಗೆಯಲ್ಲಿ ಹೋಗುವುದಿತ್ತು. ಹೋಗಲಿ ಬಿಡು ಎನ್ನಲು ಬಾಯಿ ತೆರೆದೆ. ಆಗ ಅವಳ ಮುಖ ಕಂಡಿತು. ಒಂದು ದೀಪ ಹೋಗುತ್ತದೆಂದು ಅಷ್ಟು ದೊಡ್ಡ ಹೆಂಗಸು ಮಗುವಿನ ಹಾಗೆ ಅಳುತ್ತಿದ್ದಳು. ಇಷ್ಟು ವರ್ಷ ಬಿಸಿಲು ಚಳಿ ಎನ್ನದೆ, ಹಬ್ಬ ಹುಣ್ಣಿಮೆ ಎನ್ನದೆ, ರಂಗೋಲಿಯ ಚುಕ್ಕಿ ತಪ್ಪಿಸಿಕೊಂಡು ಇವಳಿಗಾಗಿ ಉರಿದವಳು ನಾನು. ಇವಳಿಗೆ ನಾನಿದ್ದೆ. ಸಾರು ಕುದಿಸುವಾಗ ಚೂಡಾ ಇದ್ದಾಳೆ ಎಂದುಕೊಳ್ಳಲು ಇವಳಿಗೆ ಒಬ್ಬಳಿದ್ದಳು. ನನಗೆ ಯಾರಿದ್ದರು? ನನಗೂ ಒಬ್ಬ ಚೂಡಾಮಣಿಯನ್ನು ದೇವರು ಯಾಕೆ ಕೊಡಲಿಲ್ಲ?

ಬಲ್ಬು ಭಗ್ಗನೆ ಎದ್ದಿತು. ಡಬ್ಬಿಗಳೆಲ್ಲ ಫಳಫಳ ಹೊಳೆದವು. ನಾವಿಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು.

'ಏನೇ ಅದು?' ವನಜಾಕ್ಷಿ ಬೆರಗಾಗಿ ಕೇಳಿದಳು. 'ಏನು ಸಿಕ್ತು ನನ್ನತ್ರ?'

'ನಿಂಗ್ಯಾಕೆ ಅದು' ಅಂದೆ. 'ಕಾಫಿ ಮಾಡು. ನಮ್ಮನೆಯವರಿಗೂ ಒಂದು ಲೋಟ ಹಾಕು, ಹಣೆ ನೋಯ್ತಿದೆ ಅವರಿಗೆ.'

ಅವಳು ಕಣ್ಣೊರೆಸಿಕೊಂಡು ನೀರಿಟ್ಟಳು.